ಮೊದಲು ಏಳುವವನು

ನವೆಂಬರ್ 4, ಸೋಮವಾರ

ಆಡಿಲೇಡ್‌ನ ರೇಡಿಯೋ ಒಕ್ಕೂಟದಿಂದ ಕಾಗದ ಬಂದಿದೆ. ಒಂದೇ ಪುಟ, ಅದರಲ್ಲಿ ‘ಸರಳ’ ಎಂಬ ಪದ ಮೂರು ಸಲ. ಬೆಂಕಿ ಎಚ್ಚರಿಕೆಗಳನ್ನು ಹಿಡಿದು ತಾನಾಗಿಯೇ ಬಿತ್ತರಿಸುವ ತಂತ್ರಾಂಶದ ಹಳೆಯ ಆವೃತ್ತಿಗೆ ಡಿಸೆಂಬರ್ ಒಂದರಿಂದ ಏನೂ ಬರುವುದಿಲ್ಲವಂತೆ. ಹೊಸ ಆವೃತ್ತಿ ಓಡಬೇಕಾದರೆ ಟ್ರಿಗ್ ಗುಡ್ಡದ ಮೇಲಿರುವ ನಮ್ಮ ಊರ ರೇಡಿಯೋ ಕೇಂದ್ರದ ಲಿನಕ್ಸ್ ಯಂತ್ರ ಹಳೆಯ ಇನಿಟ್ ಬಿಟ್ಟು ಸಿಸ್ಟಮ್‌ಡಿ ಎಂಬ ಹೊಸದಕ್ಕೆ ಹೋಗಬೇಕು. ಸರಳ ಬದಲಾವಣೆ, ಅರ್ಧ ಗಂಟೆ ಸಾಕು, ಎಂದು ಬರೆದಿದ್ದಾರೆ.

ಈ ಅರ್ಧ ಗಂಟೆಯ ಮಾತು ನನಗೆ ಹೊಸದಲ್ಲ. ನಾನು ಇಪ್ಪತ್ತಾರು ವರ್ಷ ಲೈನ್‌ಮನ್ ಆಗಿದ್ದ ಟೆಲಿಫೋನ್ ಎಕ್ಸ್‌ಚೇಂಜ್ ಮುಚ್ಚಿದಾಗ ಕೇಳಿದ್ದೇನೆ. ಗೋಧಿ ರೈಲು ನಿಂತಾಗ ಕೇಳಿದ್ದೇನೆ. ಬ್ಯಾಂಕಿನ ಶಾಖೆ ಮುಚ್ಚಿದ ದಿನ ಬಾಗಿಲಿಗೆ ಅಂಟಿಸಿದ್ದ ಚೀಟಿಯಲ್ಲಿ ಓದಿದ್ದೇನೆ. ಆ ಚೀಟಿ ಈಗಲೂ ನನ್ನ ಕಪಾಟಿನಲ್ಲಿದೆ. ಹೊಸದು ನಿಂತ ಮೇಲೆಯೇ ಹಳೆಯದನ್ನು ತೆಗೆಯುತ್ತೇವೆ ಎಂದು ಎಲ್ಲರೂ ಹೇಳಿದರು. ಎಲ್ಲರೂ ಹಳೆಯದನ್ನೇ ಮೊದಲು ತೆಗೆದರು. ಹೊಸದು ಎಲ್ಲಿ ಎಂದು ಕೇಳಲು ಹೋದರೆ ಕೇಳಿಸಿಕೊಳ್ಳುವವರನ್ನೂ ತೆಗೆದಿದ್ದರು.

ಸಂಜೆ ಸಮಿತಿ ಸಭೆ. ಅಧ್ಯಕ್ಷೆ ರೊವೀನಾ ಲಿಂಡ್ನರ್ ಔಷಧಿ ಅಂಗಡಿಯ ಬಿಳಿ ಕೋಟಿನಲ್ಲೇ ಬಂದಿದ್ದಳು. “ಆಲ್ವಿನ್, ನೀನು ಒಬ್ಬನೇ ಮಾಡ್ಬೇಡ. ದೆಸ್ಪಿನಾನ ಜೊತೆಗೆ ಕರ್ಕೋ,” ಎಂದಳು. ದೆಸ್ಪಿನಾ ಎಂದರೆ ಶಾಲೆಯ ಬಸ್ಸು ಓಡಿಸುವ, ಮೂರು ವರ್ಷದ ಹಿಂದೆ ಥೆವೆನಾರ್ಡ್‌ನಿಂದ ಬಂದ ಗ್ರೀಕ್ ಮನೆತನದ ಹೆಂಗಸು. ಐವತ್ತು ದಾಟಿದೆ. ಕಂಪ್ಯೂಟರ್ ಸಂಜೆ ತರಗತಿಯಲ್ಲಿ ಕಲಿತದ್ದಂತೆ. ಬೇಡ ಎಂದೆ. ಕೈ ಎತ್ತಿಸಿದರು. ಆರಕ್ಕೆ ಒಂದು.

ಗುಡ್ಡದ ಗುಡಿಸಲಿಗೆ ಕೀಲಿ ಎರಡೇ. ಒಂದು ನನ್ನ ಬೆಲ್ಟಿನಲ್ಲಿ. ಇನ್ನೊಂದು ತೀರಿಹೋದ ಗೆಳೆಯ ಎರ್ನ್‌ನದು, ನನ್ನ ಅಡುಗೆಮನೆಯ ಮೊಳೆಯಲ್ಲಿ. ಮೂರನೆಯದು ಮಾಡಿಸುವ ಯೋಚನೆ ನನಗಿಲ್ಲ.

ನವೆಂಬರ್ 7, ಗುರುವಾರ

ಎಂದಿನಂತೆ ಬೆಳಿಗ್ಗೆ ಐದಕ್ಕೆ ಹತ್ತು ನಿಮಿಷವಿರುವಾಗ ಎದ್ದು, ದೀಪಕ್ಕಿಂತ ಮೊದಲು ರೇಡಿಯೋ ಹಾಕಿದೆ. ಗುಡ್ಡ ಬದುಕಿದೆ. ಆಮೇಲೆ ಚಹಾ.

ಸಮಿತಿಯವರಿಗೆ ತಿಳಿಯುವಂತೆ ಒಂದು ಟಿಪ್ಪಣಿ ಬರೆದೆ. ಇಲ್ಲಿ ನಕಲು ಇಡುತ್ತೇನೆ:

“ಯಂತ್ರಕ್ಕೆ ವಿದ್ಯುತ್ ಬಂದಾಗ ಮೊದಲು ಏಳುವವನು ಒಬ್ಬನಿರುತ್ತಾನೆ. ಅವನ ಸಂಖ್ಯೆ ಒಂದು. ಉಳಿದವರನ್ನೆಲ್ಲ ಎಬ್ಬಿಸುವುದು ಅವನ ಕೆಲಸ: ಗಡಿಯಾರದವನು, ಉಪಗ್ರಹದ ತಟ್ಟೆಯವನು, ಎಚ್ಚರಿಕೆ ಹಿಡಿಯುವವನು, ಧ್ವನಿ ಕಳಿಸುವವನು. ನಮ್ಮ ಯಂತ್ರದಲ್ಲಿ ಒಟ್ಟು ಹನ್ನೊಂದು ಜನ. ಅವನ ಹೆಸರೇ ಇನಿಟ್. ಹಳೆಯ ಇನಿಟ್ ಒಬ್ಬೊಬ್ಬರನ್ನೇ, ಪಟ್ಟಿಯ ಪ್ರಕಾರ, ಸಾಲಾಗಿ ಎಬ್ಬಿಸುತ್ತಾನೆ. ಹೊಸಬ ಎಲ್ಲರನ್ನೂ ಒಟ್ಟಿಗೆ ಅಲುಗಿಸುತ್ತಾನೆ. ಯಾರಿಗೆ ಯಾರು ಬೇಕೋ ಅವರು ಕಾದುಕೊಳ್ಳಬೇಕು. ಅವನೇ ಏಳದಿದ್ದರೆ ಯಾರೂ ಏಳುವುದಿಲ್ಲ. ಬೇಸಿಗೆಯಲ್ಲಿ ಬೆಂಕಿ ಭಯಕ್ಕೆ ವಿದ್ಯುತ್ ಕಂಪನಿಯೇ ಕರೆಂಟು ಕಡಿದು ಕೂರುತ್ತದೆ. ಜನರೇಟರ್ ಹತ್ತಿಕೊಂಡು ಯಂತ್ರ ತಾನಾಗಿ ಎದ್ದರೆ ಸರಿ. ಏಳದಿದ್ದರೆ ಇಪ್ಪತ್ತಮೂರು ಕಿಲೋಮೀಟರ್ ಕುರುಚಲು ಕಾಡಿನ ದಾರಿಯಲ್ಲಿ ಯಾರಾದರೂ ಹೋಗಿ ಎಬ್ಬಿಸಬೇಕು. ಬೆಂಕಿಯ ದಿನ ಆ ದಾರಿಯಲ್ಲಿ ಯಾರನ್ನೂ ಬಿಡುವುದಿಲ್ಲ.”

ದೆಸ್ಪಿನಾ ಬಸ್ಸು ನಿಲ್ಲಿಸಿ ಬಂದು ನಿಂತೇ ಓದಿದಳು. “ಅಂದ್ರೆ ನಮ್ಮಮ್ಮ,” ಎಂದಳು.

“ಏನು?”

“ಮನೇಲಿ ಮೊದ್ಲು ಏಳೋಳು. ಹಳೇದು ನಮ್ಮಮ್ಮ, ಒಬ್ಬೊಬ್ರನ್ನೇ ಕಿವಿ ಹಿಂಡಿ ಎಬ್ಬಿಸ್ತಿದ್ಲು. ಹೊಸದು ನಮ್ಮತ್ತಿಗೆ. ಒಂದೇ ಸಲ ಪಾತ್ರೆ ಬಡಿದು ಎಲ್ರನ್ನೂ ಎಬ್ಬಿಸ್ತಾಳೆ.”

ಇಂಥವರ ಕೈಗೆ ಯಂತ್ರ ಕೊಡಬೇಕಂತೆ.

ನವೆಂಬರ್ 12, ಮಂಗಳವಾರ

ಅಂಚೆ ಕಚೇರಿಯಲ್ಲಿ ವಾಲ್ಮಾ ನೋಸ್ಕೆ ಸಿಕ್ಕಳು. ಸಿಕ್ಕಳು ಎಂದರೆ, ಎದುರಿಗೆ ಬಂದಳು, ತಪ್ಪಿಸಿಕೊಳ್ಳಲು ಜಾಗ ಇರಲಿಲ್ಲ. ಅವಳ ಗಂಡ ಎರ್ನ್ ಹೋದ ಮೇಲೆ ಐದು ವರ್ಷದಲ್ಲಿ ನಾವು ಆಡಿದ ಮಾತು ಒಂದು ಪುಟ ತುಂಬುವುದಿಲ್ಲ. ಕಾರಣ ಅವಳಿಗೂ ಗೊತ್ತು, ನನಗೂ ಗೊತ್ತು.

“ಆಲ್ವಿನ್, ರೇಡಿಯೋ ಬದಲಾಯಿಸ್ತಿದೀಯಂತೆ?”

“ರೇಡಿಯೋ ಅಲ್ಲ. ಒಳಗಿನ ಒಂದು…”

“ಒಳಗಿಂದು ಹೊರಗಿಂದು ನಂಗೆ ಬೇಡ. ಕೂಗುತ್ತೋ ಇಲ್ವೋ?”

“ಕೂಗುತ್ತೆ.”

“ಕೂಗೋ ತನಕ ನಾನು ಹೊರಡಲ್ಲ, ಗೊತ್ತಲ್ಲ ನಿಂಗೆ?”

ಗೊತ್ತು. ಅವಳ ಹೊಲ ಊರಿಂದ ಒಳಗೆ, ಮೊಬೈಲ್ ಸಿಗದ ತಗ್ಗಿನಲ್ಲಿ. ನಾನೂರು ಕುರಿ, ಒಂದು ನಾಯಿ, ಫ್ರಿಜ್ಜಿನ ಮೇಲೆ ಒಂದು ಬ್ಯಾಟರಿ ರೇಡಿಯೋ. ಇಪ್ಪತ್ತು ವರ್ಷದ ಹಿಂದಿನ ಬೆಂಕಿಯಲ್ಲಿ ಅವಳ ತಂಗಿ ಯಾರೋ ಫೋನಿನಲ್ಲಿ ಹೇಳಿದ ದಾರಿ ಹಿಡಿದು ಬೆಂಕಿಯ ಎದುರಿಗೇ ಹೋದಳು. ಅವತ್ತು ಎರ್ನ್ ಹದಿನಾಲ್ಕು ಗಂಟೆ ಮೈಕಿನ ಮುಂದೆ ಕೂತು ಯಾವ ರಸ್ತೆ ತೆರೆದಿದೆ, ಯಾವುದು ಮುಚ್ಚಿದೆ ಎಂದು ಹೇಳುತ್ತಲೇ ಇದ್ದ. ವಾಲ್ಮಾ ಅವನ ಮಾತು ಕೇಳಿ ದಕ್ಷಿಣಕ್ಕೆ ಬಂದು ಉಳಿದಳು. ಅಂದಿನಿಂದ ಅವಳು ನೆರೆಯವರ ಮಾತು ನಂಬುವುದಿಲ್ಲ, ಹೊಗೆಯನ್ನೂ ನಂಬುವುದಿಲ್ಲ. ನಮ್ಮ ರೇಡಿಯೋ ಹೇಳಬೇಕು.

ಊಟಕ್ಕೆ ತಂದ ಮಾಂಸದ ಪೇಸ್ಟಿ ಅರ್ಧ ಉಳಿಯಿತು.

ನವೆಂಬರ್ 16, ಶನಿವಾರ

ಗುಡ್ಡಕ್ಕೆ ಹೋಗಿದ್ದೆವು. ಅವಳೂ ಬಂದಳು, ಫ್ಲಾಸ್ಕು, ಆಲಿವ್ ಹಾಕಿದ ರೊಟ್ಟಿ, ನಲವತ್ತು ಪುಟದ ಕೈಪಿಡಿ ಹಿಡಿದುಕೊಂಡು. ಶಾಲೆ ಬಿಡುವ ಗಂಟೆಗೆ ಕಾಯುತ್ತ ಬಸ್ಸಿನಲ್ಲಿ ಕೂತು ಓದುತ್ತಾಳಂತೆ. ಹಳದಿ ಗೆರೆ ಬೇರೆ ಎಳೆದಿದ್ದಾಳೆ.

ನನ್ನ ಕ್ರಮ ಹೇಳಿದೆ. ಒಂದು, ಇಡೀ ಡಿಸ್ಕಿನ ನಕಲು ತೆಗೆದು ಬೇರೆ ಡಿಸ್ಕಿನಲ್ಲಿ ಇಡುವುದು. ಆಮೇಲೆ ಹೊಸದನ್ನು ಹಳೆಯದರ ಪಕ್ಕದಲ್ಲೇ ಸ್ಥಾಪಿಸುವುದು, ಹಳೆಯದನ್ನು ಮುಟ್ಟುವಂತಿಲ್ಲ. ಯಂತ್ರ ಏಳುವಾಗ ಬರುವ ಮೊದಲ ಪಟ್ಟಿಯಲ್ಲಿ, ಈ ಒಂದು ಸಲಕ್ಕೆ ಮಾತ್ರ ಹೊಸಬ ಎಬ್ಬಿಸಲಿ ಎಂದು ಕೈಯಾರೆ ಬರೆಯುವುದು. ಕೆಟ್ಟರೆ ವಿದ್ಯುತ್ ತೆಗೆದು ಹಾಕಿದರಾಯಿತು, ಹಳಬ ಏಳುತ್ತಾನೆ. ಹನ್ನೊಂದಕ್ಕೆ ಹನ್ನೊಂದೂ ಎದ್ದದ್ದನ್ನು ಕಣ್ಣಾರೆ ನೋಡಿದ ಮೇಲಷ್ಟೇ ಕಾಯಂ.

“ಒಳ್ಳೇದು,” ಎಂದಳು ದೆಸ್ಪಿನಾ. “ಸೊಸೆ ಅಡುಗೆ ರುಚಿ ನೋಡೋ ತನಕ ಅತ್ತೆ ಮನೇಲೇ ಇರ್ಲಿ ಅಂತ.”

ನಗು ಬಂತು. ಬರಬಾರದಿತ್ತು.

ನಕಲಿಗೆ ಮೂರು ಗಂಟೆ ಹಿಡಿಯಿತು. ಮುಗಿದ ಮೇಲೆ ಹಳೆಯದನ್ನೇ ಒಮ್ಮೆ ಎಬ್ಬಿಸಿ ನೋಡಿದೆ. ಬಿಳಿ ಅಕ್ಷರ ಸಾಲಾಗಿ ಇಳಿದವು. ಏಳನೆಯ ಸಾಲು ಯಾವಾಗಲೂ ಇರುವಂಥದು: ‘ಎರ್ನ್: ಸಿಗಲಿಲ್ಲ.’ ಅದರ ಹಿಂದೆಯೇ ಎಂಟನೆಯ ಸಾಲು.

ಅದು ಎರ್ನ್‌ನ ಡಿಸ್ಕು. ಮುನ್ನೂರ ನಲವತ್ತು ಗಂಟೆ ಈ ಊರಿನ ದನಿ ಅದರಲ್ಲಿದೆ: ಸಿಂಪಿ ಹಿಡಿಯುವವರು, ಕುರಿ ಉಣ್ಣೆ ಕತ್ತರಿಸುವವರು, ಎಕ್ಸ್‌ಚೇಂಜಿನ ಹುಡುಗಿಯರು ಮುದುಕಿಯರಾದ ಮೇಲೆ. ಭಾನುವಾರ ಬೆಳಿಗ್ಗೆ ಅವನೇ ಹಾಕುತ್ತಿದ್ದ. ಮಣ್ಣು ಮಾಡಿದ ಮೂರನೇ ದಿನ ವಾಲ್ಮಾ ಗುಡ್ಡಕ್ಕೆ ಹೋಗಿ, ಅವನ ಕೀಲಿಯಿಂದ ಬಾಗಿಲು ತೆಗೆದು, ಡಿಸ್ಕನ್ನು ಕಿತ್ತುಕೊಂಡು ಹೋದಳು. ಕೀಲಿಯನ್ನು ನನ್ನ ಅಂಚೆಪೆಟ್ಟಿಗೆಗೆ ಹಾಕಿದಳು. ಒಂದು ಮಾತಿಲ್ಲ, ಒಂದು ಚೀಟಿಯಿಲ್ಲ. ಊರಿನ ಆಸ್ತಿಯನ್ನು ಹಾಗೆ ಒಯ್ಯುವ ಹಕ್ಕು ಯಾರಿಗೂ ಇಲ್ಲ. ಡಿಸ್ಕು ವಾಪಸು ಬಂದಾಗ ಸೇರಿಕೊಳ್ಳಲಿ ಎಂದು ಆ ಸಾಲನ್ನು ತೆಗೆಯದೆ ಬಿಟ್ಟಿದ್ದೇನೆ. ಅಷ್ಟೇ. ಬೇರೇನೂ ಇಲ್ಲ.

ನವೆಂಬರ್ 20, ಬುಧವಾರ

ಒಬ್ಬನೇ ಹೋದೆ. ದೆಸ್ಪಿನಾಗೆ ಬಸ್ಸಿನ ಪಾಳಿ ಇತ್ತು, ನಾನು ಕೇಳಲೂ ಇಲ್ಲ.

ಹೊಸದನ್ನು ಎಬ್ಬಿಸಿದೆ. ಮೊದಲು ಹಸಿರು ಅಕ್ಷರಗಳು ಜಲಪಾತದಂತೆ ಇಳಿದವು. ಆಮೇಲೆ ನಿಂತಿತು. ಪರದೆಯ ತಳದಲ್ಲಿ ಕೆಂಪು ಚುಕ್ಕೆಗಳು ಅತ್ತಿಂದಿತ್ತ, ಇತ್ತಿಂದತ್ತ, ಪಂಜರದೊಳಗಿನ ಪ್ರಾಣಿಯಂತೆ. ಪಕ್ಕದಲ್ಲಿ ಸೆಕೆಂಡಿನ ಎಣಿಕೆ. ತೊಂಬತ್ತಕ್ಕೆ ಬಂದು, ‘ತುರ್ತು ಸ್ಥಿತಿ’ ಎಂದು ಬರೆದು, ಒಡೆಯನ ಗುಪ್ತಪದ ಕೊಡಿ ಎಂದು ಕೇಳಿ ಸುಮ್ಮನಾಯಿತು.

ಯಾರೂ ಇಲ್ಲದ ಗುಡಿಸಲಲ್ಲಿ, ನಾನು ಒಯ್ದು ಸಿಕ್ಕಿಸದಿದ್ದರೆ ಕೀಲಿಮಣೆಯೇ ಇಲ್ಲದ ಯಂತ್ರ, ಒಡೆಯನನ್ನು ಕರೆ ಎನ್ನುತ್ತದೆ! ಇದನ್ನು ಬರೆದವರು ಬೆಂಕಿ ನೋಡಿದ್ದಾರೆಯೇ?

ವಿದ್ಯುತ್ ತೆಗೆದು ಹಾಕಿದೆ. ಹಳಬ ಎದ್ದ. ಹನ್ನೊಂದಕ್ಕೆ ಹನ್ನೊಂದು.

ಯಾವುದೋ ಡಿಸ್ಕಿಗೆ ಕಾಯುತ್ತ ನಿಂತಿದ್ದು. ನೋಡಬೇಕು.

ನವೆಂಬರ್ 21, ಗುರುವಾರ

ಒಕ್ಕೂಟಕ್ಕೆ ನಾಲ್ಕು ಪುಟ ಬರೆದೆ. ಎಕ್ಸ್‌ಚೇಂಜಿನಿಂದ ಶುರುಮಾಡಿದೆ. ಹಳೆಯ ತಾಮ್ರದ ತಂತಿಯ ಫೋನು ಮನೆಯಲ್ಲಿ ಕರೆಂಟಿಲ್ಲದಿದ್ದರೂ ಬಡಿಯುತ್ತಿತ್ತು. ಈಗಿನದಕ್ಕೆ ಕರೆಂಟು ಬೇಕು. ಕರೆಂಟು ಹೋಗುವುದು ಫೋನು ಬೇಕಾದ ದಿನವೇ. ಮೊಬೈಲ್ ಗೋಪುರದ ಬ್ಯಾಟರಿ ನಾಲ್ಕು ತಾಸಿಗೆ ಮುಗಿಯುತ್ತದೆ. ಉಳಿದಿರುವುದು ಒಂದು ರೇಡಿಯೋ. ಅದನ್ನೂ ಕೆಡಿಸಲು ಹೊರಟವರು ನೀವು, ಎಂದು ಬರೆದೆ. ಹೊಸ ವ್ಯವಸ್ಥೆಯೇ ದೋಷಪೂರ್ಣ ಎಂದು ಎರಡು ಸಲ ಬರೆದು ಎರಡು ಸಲವೂ ಅಡಿಗೆರೆ ಎಳೆದೆ.

ಅಂಚೆಗೆ ಹಾಕಲಿಲ್ಲ. ನಾಳೆ.

ನವೆಂಬರ್ 22, ಶುಕ್ರವಾರ

ಹಾಕಲಿಲ್ಲ.

ನವೆಂಬರ್ 28, ಗುರುವಾರ

ರೊವೀನಾ ಫೋನು. ಹತ್ತನೇ ತಾರೀಖಿನೊಳಗೆ ಆಗದಿದ್ದರೆ ಆಡಿಲೇಡ್‌ನಿಂದ ಗುತ್ತಿಗೆಯವನನ್ನು ಕರೆಸುತ್ತಾರಂತೆ. ಅವನು ಹಳೆಯದನ್ನು ಒರೆಸಿ ಹೊಸದನ್ನು ಬರೆದು ಮಧ್ಯಾಹ್ನದ ವಿಮಾನಕ್ಕೆ ಹೋಗುತ್ತಾನೆ. ಇದೇ ನನಗೆ ಇಷ್ಟು ದಿನದಿಂದ ಗೊತ್ತಿದ್ದದ್ದು.

ದೆಸ್ಪಿನಾಳನ್ನು ಕರೆದುಕೊಂಡು ಹೋದೆ. ಎರಡನೇ ಪ್ರಯತ್ನ. ಮತ್ತೆ ಚುಕ್ಕೆಗಳ ಓಡಾಟ. ಅವಳು ಪರದೆಗೆ ಮೂಗು ತಾಗಿಸಿ ಓದಿದಳು.

“ಯಜಮಾನ್ರೇ, ಇದು ಎರ್ನ್ ಅನ್ನೋನಿಗೆ ಕಾಯ್ತಾ ಇದೆ. ಯಾರವನು?”

“ಒಂದು ಡಿಸ್ಕು.”

“ಎಲ್ಲಿದೆ?”

“ಇಲ್ಲ.”

“ಇಲ್ಲ ಅಂದ್ರೆ? ಕೆಟ್ಟೋಯ್ತಾ, ಕಳೆದೋಯ್ತಾ?”

“ವಾಲ್ಮಾ ತಗೊಂಡೋದ್ಲು. ಅವಳ ಗಂಡಂದು.”

“ಯಾವಾಗ?”

“ಐದು ವರ್ಷ ಆಯ್ತು.”

ಅವಳು ಪರದೆ ನೋಡಿದಳು, ನನ್ನನ್ನು ನೋಡಿದಳು. “ಹಳೇದು ಐದು ವರ್ಷದಿಂದ ಏನ್ ಮಾಡ್ತಿತ್ತು ಮತ್ತೆ?”

“ಕೂಗ್ತಿತ್ತು. ಸಿಗ್ಲಿಲ್ಲ ಅಂತ ಬರೆದು ಮುಂದಕ್ಕೆ ಹೋಗ್ತಿತ್ತು.”

“ಅಯ್ಯೋ,” ಎಂದಳು, ಯಂತ್ರದ ತಲೆ ತಟ್ಟಿ. “ಪಾಪ, ಈ ಹೊಸದಕ್ಕೆ ಯಾರೂ ಹೇಳೇ ಇಲ್ಲ, ಅವನು ಬರಲ್ಲ ಅಂತ.”

ಆ ಸಾಲು ಅಳಿಸಿ ಎಂದಳು. ಐದು ಸೆಕೆಂಡಿನ ಕೆಲಸ. ಸಮಿತಿಯ ಒಪ್ಪಿಗೆ ಬೇಕು ಎಂದೆ. ಸಮಿತಿ ಅಂದ್ರೆ ಆ ಔಷಧಿ ಅಂಗಡಿಯಮ್ಮ ತಾನೇ, ಈಗ್ಲೇ ಫೋನ್ ಮಾಡ್ತೀನಿ ಎಂದಳು. ಗುಡ್ಡದ ಮೇಲೆ ಮೊಬೈಲ್ ಸಿಗುವುದಿಲ್ಲ ಎಂದೆ. ಅವಳು ಸಿಗ್ನಲ್ ಇರುವ ತನ್ನ ಮೊಬೈಲನ್ನು ನನಗೆ ತೋರಿಸಿ ಜೇಬಿಗೆ ಹಾಕಿಕೊಂಡಳು.

ವಾಪಸು ಬರುವಾಗ ಎರ್ನ್ ಬಗ್ಗೆ ನಾನೇ ಏನೋ ಹೇಳಿದೆ. ಬೆಳಿಗ್ಗೆ ಐದಕ್ಕೆ ಹತ್ತು ನಿಮಿಷವಿರುವಾಗ ತಂತಿಯ ಈ ತುದಿಯಿಂದ ನಾನು ಪರೀಕ್ಷೆಯ ಕರೆ ಮಾಡುತ್ತಿದ್ದೆ. ಎಂಬತ್ತು ಕಿಲೋಮೀಟರ್ ಆಚೆಯ ಎಕ್ಸ್‌ಚೇಂಜಿನಿಂದ ಅವನು, “ಇದೀನಿ ಮಾರಾಯ, ಇನ್ನೂ ಸತ್ತಿಲ್ಲ,” ಎನ್ನುತ್ತಿದ್ದ. ದಿನವೂ ಅದೇ ಮಾತು. ಹತ್ತೊಂಬತ್ತು ವರ್ಷ.

ಇದನ್ನೆಲ್ಲ ಅವಳಿಗೆ ಯಾಕೆ ಹೇಳಿದೆನೋ.

ಡಿಸೆಂಬರ್ 1, ಭಾನುವಾರ

ಗಡುವು ಮುಗಿಯಿತು. ಇಂದಿನಿಂದ ಗುಡ್ಡದ ಯಂತ್ರಕ್ಕೆ ಎಚ್ಚರಿಕೆ ಬರುತ್ತಿಲ್ಲ. ಬೆಳಿಗ್ಗೆ ಆರರಿಂದ ಊರೊಳಗಿನ ಸ್ಟುಡಿಯೋದಲ್ಲಿ ಕೂತು, ಅಗ್ನಿಶಾಮಕ ದಳದ ಜಾಲತಾಣ ನೋಡಿ, ನಾನೇ ಓದಿದೆ. ಇವತ್ತು ಓದಲು ಏನೂ ಇರಲಿಲ್ಲ. ಇಲ್ಲ ಎಂದೇ ಪ್ರತಿ ಗಂಟೆಗೆ ಓದಿದೆ.

ಡಿಸೆಂಬರ್ 3, ಮಂಗಳವಾರ

ಹದಿಮೂರು ತಾಸು. ಗಂಟಲು ಕಟ್ಟಿದೆ. ಮಧ್ಯಾಹ್ನ ಕೂತಲ್ಲೇ ಜೊಂಪು ಹತ್ತಿ ಎರಡು ಗಂಟೆಯ ವಾರ್ತೆ ತಪ್ಪಿತು. ಯಾರೂ ಗಮನಿಸಿಲ್ಲ ಎಂದುಕೊಂಡೆ. ನಾಲ್ಕಕ್ಕೆ ಸ್ಟುಡಿಯೋದ ಫೋನು ಬಡಿಯಿತು. ವಾಲ್ಮಾ.

“ಎರಡು ಗಂಟೇದು ಬರ್ಲಿಲ್ಲ.”

“ಹೌದು.”

“ಬದುಕಿದೀಯಾ?”

“ಬದುಕಿದೀನಿ.”

ಇಟ್ಟುಬಿಟ್ಟಳು.

ಡಿಸೆಂಬರ್ 4, ಬುಧವಾರ

ಮುನ್ಸೂಚನೆ ಬಂತು. ಶುಕ್ರವಾರ ನಲವತ್ನಾಲ್ಕು ಡಿಗ್ರಿ, ಉತ್ತರದ ಗಾಳಿ ಗಂಟೆಗೆ ಎಂಬತ್ತು. ಬೆಂಕಿ ಅಪಾಯದ ಅತ್ಯಂತ ಮೇಲಿನ ಮಟ್ಟ. ಶಾಲೆಗಳು ಮುಚ್ಚುತ್ತವೆ, ತಂತಿಗಳಲ್ಲಿ ವಿದ್ಯುತ್ ನಿಲ್ಲಿಸುತ್ತಾರೆ. ಸ್ಟುಡಿಯೋಗೆ ಜನರೇಟರ್ ಇಲ್ಲ, ಗುಡ್ಡದಲ್ಲಿ ಮಾತ್ರ ಇದೆ. ಅಂದರೆ ಕರೆಂಟು ಹೋದ ಕ್ಷಣದಿಂದ ನಾನು ಓದಿದರೂ ಯಾರಿಗೂ ಕೇಳುವುದಿಲ್ಲ. ಗುಡ್ಡದ ಯಂತ್ರ ತಾನಾಗಿ ಎದ್ದು ತಾನಾಗಿ ಹೇಳಬೇಕು, ಇಲ್ಲದಿದ್ದರೆ ಊರಿಗೆ ಕೇಳುವುದು ಬರೀ ಸುಯ್ ಎನ್ನುವ ಸದ್ದು. ಮತ್ತು ವಾಲ್ಮಾ ಕುರ್ಚಿಯಿಂದ ಏಳುವುದಿಲ್ಲ.

ಮಧ್ಯಾಹ್ನ ಶಾಲೆ ಬಿಟ್ಟ ಕೂಡಲೇ ದೆಸ್ಪಿನಾ ಜೊತೆ ಗುಡ್ಡಕ್ಕೆ.

ಕಡತ ತೆರೆದು ಆ ಸಾಲಿನ ಮುಂದೆ ಕೂತೆ. ಹೊರಗೆ ಗಾಳಿ ಆಗಲೇ ತಗಡು ಬಡಿಯುತ್ತಿತ್ತು. ಎಷ್ಟು ಹೊತ್ತು ಕೂತಿದ್ದೆನೋ. ಅವಳು ಫ್ಲಾಸ್ಕಿನ ಮುಚ್ಚಳದಲ್ಲಿ ಕಾಫಿ ಕೊಟ್ಟಳು.

“ಥೆವೆನಾರ್ಡ್‌ನಲ್ಲಿ ನಮ್ಮಪ್ಪನ ಕುರ್ಚಿ ಹಾಗೇ ಇದೆ,” ಎಂದಳು. “ಯಾರೂ ಕೂರಲ್ಲ. ತೆಗಿಯೋದೂ ಇಲ್ಲ. ಆದ್ರೆ ಅವನು ಬರ್ಲಿ ಅಂತ ಊಟಕ್ಕೆ ಯಾರೂ ಕಾಯಲ್ಲ, ಯಜಮಾನ್ರೇ. ಮೀನು ಆರೋಗುತ್ತೆ.”

ಅವಳ ಅಪ್ಪನ ಕುರ್ಚಿಗೂ ಈ ಕೆಲಸಕ್ಕೂ ಏನೂ ಸಂಬಂಧವಿಲ್ಲ. ಆಮೇಲೆ ತನ್ನ ಕೈಪಿಡಿಯ ಹಳದಿ ಗೆರೆಯೊಂದನ್ನು ತೋರಿಸಿದಳು. ಸಾಲನ್ನು ಅಳಿಸಬೇಕಾಗಿಯೇ ಇಲ್ಲ. ಅದರಲ್ಲಿ ‘ನೋಫೇಲ್’ ಎಂದು ಒಂದು ಪದ ಸೇರಿಸಿದರೆ ಸಾಕು. ಈ ಡಿಸ್ಕು ಸಿಕ್ಕರೆ ಸೇರಿಸಿಕೋ, ಸಿಗದಿದ್ದರೆ ಉಳಿದವರನ್ನು ನಿಲ್ಲಿಸಬೇಡ ಎಂದು ಅದರ ಅರ್ಥ. ತಾಂತ್ರಿಕವಾಗಿ ಇದೇ ಸರಿಯಾದ ಪರಿಹಾರ. ಅಳಿಸುವುದಕ್ಕಿಂತ ಎಷ್ಟೋ ಮೇಲು. ನನಗೇ ಮೊದಲ ದಿನ ಹೊಳೆಯಬೇಕಿತ್ತು.

ಕನ್ನಡಕ ಕಾರಿನಲ್ಲಿ ಉಳಿದಿತ್ತು, ಹಾಗಾಗಿ ಅವಳೇ ಬೆರಳಾಡಿಸಿದಳು.

“ನಿಮ್ಮ ಕನ್ನಡಕ ಕೊರಳಲ್ಲೇ ಇದ್ಯಲ್ಲ?” ಎಂದಳು, ಒತ್ತಿದ ಮೇಲೆ.

ಡಿಸೆಂಬರ್ 5, ಗುರುವಾರ

ಬೆಳಿಗ್ಗೆ ದೆಸ್ಪಿನಾಳ ಬಸ್ಸಿನ ಪಾಳಿ ಮುಗಿದಾಗಿನಿಂದ ಇಬ್ಬರೂ ಗುಡ್ಡದಲ್ಲೇ. ನಯವಾಗಿ ಮಲಗಿಸಿ ಎಬ್ಬಿಸುವುದು ಪರೀಕ್ಷೆಯಲ್ಲ. ಗೋಡೆಯ ಮುಖ್ಯ ಸ್ವಿಚ್ಚನ್ನೇ ಕೆಳಗೆ ಎಳೆದೆವು. ಕತ್ತಲು, ಮೌನ, ಜನರೇಟರ್ ಕೆಮ್ಮಿ ಹತ್ತಿಕೊಂಡಿತು, ಯಂತ್ರ ಎದ್ದಿತು. ಹನ್ನೊಂದರಲ್ಲಿ ಹತ್ತು. ಗಡಿಯಾರದವನು ಎದ್ದಿರಲಿಲ್ಲ: ಇಪ್ಪತ್ತು ವರ್ಷದ ಹಿಂದೆ ನಾನು ಬರೆದ ಎಬ್ಬಿಸುವ ಚೀಟಿಯ ತಲೆಯಲ್ಲಿ ಯಾರ ನಂತರ ಯಾರು ಎಂದೇ ಬರೆದಿರಲಿಲ್ಲ. ಹಳಬನಿಗೆ ಸಂಖ್ಯೆ ನೋಡಿದರೆ ತಿಳಿಯುತ್ತಿತ್ತು, ಹೊಸಬನಿಗೆ ಹೇಳಬೇಕು. ನಮ್ಮ ಗಡಿಯಾರ ಉಪಗ್ರಹದ ತಟ್ಟೆಯಿಂದ ಸಮಯ ಕೇಳುವಂಥದು. ತಟ್ಟೆ ಏಳುವ ಮೊದಲೇ ಕೇಳಿ ಸೋತಿತ್ತು. ಎರಡು ಸಾಲು ಸೇರಿಸಿದೆ. ಮತ್ತೆ ಎಳೆದೆವು. ಹನ್ನೊಂದು. ಮತ್ತೊಮ್ಮೆ. ಹನ್ನೊಂದು. ಮೂರನೇ ಸಲ ಸ್ವಿಚ್ಚು ಎಳೆದವಳು ದೆಸ್ಪಿನಾ, ಶಿಲುಬೆಯ ಗುರುತು ಮಾಡಿಕೊಂಡು. ಹನ್ನೊಂದು.

ಎಚ್ಚರಿಕೆಗಳು ಬರತೊಡಗಿದವು. ಕಾಯಂ ಮಾಡಿದೆ. ಹಳೆಯದು ಪಟ್ಟಿಯಲ್ಲಿ ಎರಡನೆಯದಾಗಿ ಉಳಿದಿದೆ.

ಆದರೂ ಮೂರು ಸಲ ಪೂರ್ತಿ ಎದ್ದದ್ದು ನಾಲ್ಕನೆಯ ಸಲ ಏಳುತ್ತದೆ ಎಂದು ಯಾರು ಬರೆದುಕೊಟ್ಟಿದ್ದಾರೆ?

ಡಿಸೆಂಬರ್ 6, ಶುಕ್ರವಾರ

ಹತ್ತು ಗಂಟೆಗೇ ಆಕಾಶ ಕಂದು. ಗುಡ್ಡದ ದಾರಿಗೆ ಅಡ್ಡಗಟ್ಟೆ ಹಾಕಿದರು. ಸ್ಟುಡಿಯೋದಲ್ಲಿ ನಾನು, ಬಸ್ಸಿಲ್ಲದ ದೆಸ್ಪಿನಾ, ಮೇಜಿನ ಮೇಲೆ ಒಂದು ಬ್ಯಾಟರಿ ರೇಡಿಯೋ. ನಾನು ಓದುವುದು ಏನೂ ಇರಲಿಲ್ಲ, ಯಂತ್ರವೇ ಹೇಳುತ್ತಿತ್ತು. ಕೈಗೆ ಕೆಲಸವಿಲ್ಲದೆ ಕೂರುವುದು ಇಷ್ಟು ಕಷ್ಟ ಎಂದು ಗೊತ್ತಿರಲಿಲ್ಲ.

ಹನ್ನೆರಡೂ ಇಪ್ಪತ್ತಕ್ಕೆ ಕಾಲ್‌ಕಟ್ ರಸ್ತೆಯ ಧಾನ್ಯದ ಕಣಜದ ಹಿಂದೆ ಹೊಗೆ. ಅಲ್ಲಿಂದ ವಾಲ್ಮಾಳ ಬೇಲಿಗೆ ಹನ್ನೆರಡು ಕಿಲೋಮೀಟರ್, ಗಾಳಿ ನೇರ ಅವಳ ಕಡೆಗೆ. ಹೊರಡಿ ಎಂಬ ಎಚ್ಚರಿಕೆ ಇನ್ನೂ ಬಂದಿರಲಿಲ್ಲ. ಫೋನು ಮಾಡಿದೆ. ಬಡಿಯಿತು, ಎತ್ತಲಿಲ್ಲ, ಕುರಿಗಳ ಹತ್ತಿರ ಇದ್ದಿರಬೇಕು. ಮತ್ತೆ ಮಾಡುವಷ್ಟರಲ್ಲಿ, ಹನ್ನೆರಡೂ ಐವತ್ತಕ್ಕೆ, ಪಂಖ ನಿಂತಿತು. ದೀಪ ಹೋಯಿತು. ಫೋನು ಸತ್ತಿತು. ರೇಡಿಯೋ ಸುಯ್ ಎಂದಿತು.

ದೆಸ್ಪಿನಾ ಗಡಿಯಾರ ಹಿಡಿದಳು. “ಹತ್ತು,” ಎಂದಳು. ಜನರೇಟರ್‌ಗೆ ಹನ್ನೆರಡು ಬೇಕು. “ಇಪ್ಪತ್ತು.” ಸುಯ್. “ಮೂವತ್ತು.” ನಾನು ಎದ್ದು ನಿಂತೆ. ಕಾರಿನ ಕೀಲಿ ಕೈಯಲ್ಲಿತ್ತು, ತೆಗೆದುಕೊಂಡದ್ದು ನೆನಪಿಲ್ಲ.

“ಕೂತ್ಕೊಳ್ಳಿ.”

“ದಾರಿ ನಂಗೆ ಗೊತ್ತು. ಅಡ್ಡಗಟ್ಟೆ ತಪ್ಪಿಸಿ…”

“ಆಲ್ವಿನ್, ಕೂತ್ಕೊ. ನಲವತ್ತು.”

ಅವಳು ನನ್ನ ಹೆಸರು ಹಿಡಿದು ಕರೆದದ್ದು ಮೊದಲ ಸಲ. ನಲವತ್ತೈದು. ಸುಯ್. ಯಾರ ನಂತರ ಯಾರು ಎಂದು ಮನಸ್ಸಿನಲ್ಲೇ ಒಬ್ಬೊಬ್ಬರನ್ನೂ ಎಬ್ಬಿಸುತ್ತಿದ್ದೆ. ತಟ್ಟೆ. ಗಡಿಯಾರ. ಎಚ್ಚರಿಕೆ. ಏಳಪ್ಪ. ಧ್ವನಿ. ಏಳು.

ಐವತ್ತೊಂದಕ್ಕೆ ಎಚ್ಚರಿಕೆಯ ಸೈರನ್ ಕಿರುಚಿತು. ಅದರ ಹಿಂದೆ ಆ ಯಂತ್ರದ ದನಿ, ಭಾವವಿಲ್ಲದ, ಅವಸರವಿಲ್ಲದ ದನಿ: ಕಾಲ್‌ಕಟ್ ರಸ್ತೆಯ ದಕ್ಷಿಣದಲ್ಲಿರುವವರು ಈಗಲೇ ಹೊರಡಿ. ಸಮುದ್ರದ ಕಡೆಗೆ ಹೊರಡಿ. ಉತ್ತರದ ರಸ್ತೆ ಮುಚ್ಚಿದೆ.

ದೆಸ್ಪಿನಾ ಏನೋ ಗ್ರೀಕಿನಲ್ಲಿ ಬೈದಳು ಅಥವಾ ಪ್ರಾರ್ಥಿಸಿದಳು.

ಫುಟ್‌ಬಾಲ್ ಮೈದಾನಕ್ಕೆ ಹೋಗಿ ನಿಂತೆವು. ಒಳನಾಡಿನ ಗಾಡಿಗಳು ಒಂದೊಂದೇ ಬರುತ್ತಿದ್ದವು, ದೀಪ ಹಚ್ಚಿಕೊಂಡು, ಮೈತುಂಬ ಬೂದಿ. ಒಂದೂವರೆ ಆಯಿತು. ಎರಡು. ಪ್ರತಿ ಗಾಡಿಯನ್ನೂ ನೋಡಿದೆ. ಎರಡೂ ಹತ್ತಕ್ಕೆ ವಾಲ್ಮಾಳ ಬಿಳಿ ಪಿಕಪ್ಪು ಗೇಟಿನಲ್ಲಿ ತಿರುಗಿತು. ಪಕ್ಕದ ಕಂಬ ಹಿಡಿದುಕೊಂಡೆ, ಬಿಸಿಲು ಜೋರಿತ್ತು.

ಅವಳು ಗಾಜು ಇಳಿಸಿದಳು. “ಸತ್ತೇ ಹೋಯ್ತು ನಿನ್ನ ರೇಡಿಯೋ ಅಂದ್ಕೊಂಡೆ. ಒಂದು ನಿಮಿಷದ ಮೇಲಾಯ್ತು.”

“ಐವತ್ತೊಂದು ಸೆಕೆಂಡು.”

“ಲೆಕ್ಕ ಹೇಳ್ಬೇಡ ನಂಗೆ. ನಾನು ಕೂತೇ ಇದ್ದೆ, ಕಿಟಕಿ ಕೆಂಪಾಗಿತ್ತು. ಕೂಗ್ತು, ಎದ್ದೆ. ಕುರಿ ಗೇಟು ಬಿಚ್ಚಿ ಬಿಟ್ಟು ಬಂದೆ.”

“ಏನ್ ತಂದೆ?”

“ನಾಯಿ. ಹಲ್ಲಿನ ಸೆಟ್ಟು. ಇದು.” ಮಡಿಲಲ್ಲಿ ಒಂದು ಬಿಸ್ಕತ್ತಿನ ಡಬ್ಬಿ. ಮುಚ್ಚಳಕ್ಕೆ ಎರಡು ಸುತ್ತು ಅಂಟುಪಟ್ಟಿ.  ಅದನ್ನು ನನ್ನ ಕೈಗೆ ಕೊಟ್ಟಳು.

“ಅದರಲ್ಲಿ ಅವನು ನಗ್ತಾನೆ,” ಎಂದಳು. “ಅದಕ್ಕೇ ತಗೊಂಡೋಗಿದ್ದು. ಐದು ವರ್ಷದಲ್ಲಿ ಒಂದ್ಸಲಾನೂ ಕೇಳಿಲ್ಲ, ಹೇಗೆ ಹಾಕೋದು ಅಂತಾನೇ ಗೊತ್ತಿಲ್ಲ ನಂಗೆ. ನೀನು ಬಂದು ಕೇಳ್ತೀಯ ಅಂತ ಇದ್ದೆ, ಮುಠ್ಠಾಳ.”

ಮೂರೂವರೆಗೆ ಗಾಳಿ ತಿರುಗಿತು. ಅವಳ ಉಣ್ಣೆ ಕತ್ತರಿಸುವ ಕೊಟ್ಟಿಗೆ ಹೋಯಿತು, ಇನ್ನೂರು ಕುರಿ ಹೋದವು. ಮನೆ ನಿಂತಿದೆ.

ಡಿಸೆಂಬರ್ 9, ಸೋಮವಾರ

ಗುಡ್ಡದ ಯಂತ್ರದ ದಾಖಲೆಯನ್ನು ದೆಸ್ಪಿನಾ ಸ್ಟುಡಿಯೋದಿಂದಲೇ ತೆಗೆದು ತೋರಿಸಿದಳು. ಎರ್ನ್‌ನನ್ನು ಕೂಗಿದ್ದು ಅದರಲ್ಲಿದೆ. ತೊಂಬತ್ತು ಸೆಕೆಂಡು ಪೂರ್ತಿ ಕೂಗಿ, ಆಮೇಲೆ ‘ಸಿಗಲಿಲ್ಲ’ ಎಂದು ಬರೆದಿದೆ. ಅಷ್ಟರೊಳಗೆ ಧ್ವನಿಯವನು ಎಚ್ಚರಿಕೆಯನ್ನು ಎರಡನೇ ಸಲ ಹೇಳುತ್ತಿದ್ದ. ಅಚ್ಚುಕಟ್ಟಾದ ವ್ಯವಸ್ಥೆ. ಒಕ್ಕೂಟಕ್ಕೆ ಬರೆದ ನಾಲ್ಕು ಪುಟವನ್ನು ಮರುಪರಿಶೀಲಿಸಬೇಕು. ಎಕ್ಸ್‌ಚೇಂಜಿನ ಭಾಗ ಹಾಗೇ ಇರಲಿ.

ಡಿಸ್ಕಿನ ನಕಲು ಮುಗಿದಿದೆ. ಮೂಲ ವಾಲ್ಮಾಗೆ, ಜೊತೆಗೆ ಹಾಕಿ ಕೇಳಲು ಒಂದು ಪೆಟ್ಟಿಗೆ. ನಕಲಿಗೆ ಅದೇ ಹೆಸರು ಕೊಟ್ಟಿದ್ದೇನೆ. ಅದನ್ನು ಸಿಕ್ಕಿಸಲು ದೆಸ್ಪಿನಾ ನಾಳೆ ಬೆಳಿಗ್ಗೆ ಗುಡ್ಡಕ್ಕೆ ಹೋಗುತ್ತಾಳೆ. ಭಾನುವಾರದ ಕಾರ್ಯಕ್ರಮ ಅವಳೇ ನೋಡಿಕೊಳ್ಳುತ್ತಾಳಂತೆ. ಕೀಲಿ ಕೇಳಿದಳು. ಅಡುಗೆಮನೆಯ ಮೊಳೆಯಲ್ಲಿದೆ, ತೆಗೆದುಕೋ ಎಂದೆ. ಖಾಲಿ ಮೊಳೆಗೆ ಹೊಸ ವರ್ಷದ ಕ್ಯಾಲೆಂಡರ್ ಹಾಕಬಹುದು.

ಇವತ್ತು ಏಳೂಕಾಲಿಗೆ ಎದ್ದೆ. ಚಹಾ ಕುಡಿದು ಎಷ್ಟೋ ಹೊತ್ತಿಗೆ ರೇಡಿಯೋ ನೆನಪಾಯಿತು. ಹಾಸಿಗೆ ಪಕ್ಕದ ಗಡಿಯಾರ ಕೆಟ್ಟಿರಬೇಕು. ಬಿಚ್ಚಿ ನೋಡಬೇಕು.